ವ್ಯವಹಾರ ವಿಶ್ಲೇಷಣೆ

ವ್ಯವಹಾರ ವಿಶ್ಲೇಷಣೆ ಎಂದರೆ ಒಂದು ಸಂಸ್ಥೆಗೆ ನಿಜವಾಗಿ ಬೇಕಾಗಿರುವುದೇನು ಎಂಬುದನ್ನು ಕಂಡುಕೊಂಡು, ಅದನ್ನು ಸಂದಿಗ್ಧತೆಯಿಲ್ಲದಂತೆ ಬರಹಕ್ಕಿಳಿಸಿ, ಯೋಜನೆ ಮುಗಿಯುವವರೆಗೂ ಆ ಬರಹವನ್ನು ನಿರ್ವಹಿಸುವ ವಿದ್ಯೆ. ತಂತ್ರಾಂಶ ವಲಯದಲ್ಲಿ ಇದು ಬಿಸಿನೆಸ್ ಅನಾಲಿಸಿಸ್ ಎಂಬ ಹೆಸರಿನಿಂದಲೇ ಪರಿಚಿತವಾಗಿದೆ. ಹೆಸರಿನಲ್ಲಿ ವ್ಯವಹಾರವೆಂಬ ಪದವಿದ್ದರೂ ಇದರ ವ್ಯಾಪ್ತಿ ವ್ಯಾಪಾರಕ್ಕೆ ಸೀಮಿತವಲ್ಲ. ಆಸ್ಪತ್ರೆ, ಸರ್ಕಾರಿ ಕಚೇರಿ, ಬಾಹ್ಯಾಕಾಶ ಯೋಜನೆಗಳಲ್ಲಿಯೂ ಇದು ಅಷ್ಟೇ ಅವಶ್ಯಕ. ಕೆನಡಾದ ಟೊರಾಂಟೊದಲ್ಲಿ 2003ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಿಸಿನೆಸ್ ಅನಾಲಿಸಿಸ್ ಈ ವೃತ್ತಿಯ ಪ್ರಮುಖ ಸಂಘಟನೆ. ಅದು ಪ್ರಕಟಿಸುವ 'ಬಾಬಾಕ್' ಮಾರ್ಗದರ್ಶಿಯ ಮೂರನೆಯ ಆವೃತ್ತಿ 2015ರಲ್ಲಿ ಹೊರಬಂದಿತು.

ಅಗತ್ಯ ಎಂದರೇನು

ಯೋಜನೆಯೊಂದು ಪೂರೈಸಬೇಕಾದ ಸ್ಥಿತಿ ಅಥವಾ ಸಾಮರ್ಥ್ಯವನ್ನು 'ಅಗತ್ಯ' ಎನ್ನುತ್ತಾರೆ. ಬಾಬಾಕ್ ಇದನ್ನು ಸಂಸ್ಥೆಯ ಅಗತ್ಯ, ಹಿತಾಸಕ್ತರ ಅಗತ್ಯ, ಪರಿಹಾರದ ಅಗತ್ಯ ಮತ್ತು ಸ್ಥಿತ್ಯಂತರದ ಅಗತ್ಯ ಎಂದು ವಿಂಗಡಿಸುತ್ತದೆ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟುವ ಅವಧಿಗೆ ಮಾತ್ರ ಬೇಕಾಗುವುದು ಕೊನೆಯದು. ಪರಿಹಾರದ ಅಗತ್ಯದಲ್ಲಿ ವ್ಯವಸ್ಥೆ ಏನು ಮಾಡಬೇಕು ಎಂಬುದು ಒಂದು ಭಾಗ, ಎಷ್ಟು ಚೆನ್ನಾಗಿ ಮಾಡಬೇಕು ಎಂಬುದು ಇನ್ನೊಂದು. 'ವೇಗವಾಗಿರಬೇಕು' ಎಂಬುದು ಬರೀ ಆಸೆ. 'ಹುಡುಕಿದ ದಾಖಲೆ 2 ಸೆಕೆಂಡುಗಳೊಳಗೆ ಪರದೆಯ ಮೇಲೆ ಕಾಣಬೇಕು' ಎಂದು ಬರೆದಾಗ ಅದು ಪರೀಕ್ಷಿಸಬಹುದಾದ ಅಗತ್ಯವಾಗುತ್ತದೆ.

ಕೇಳುವವರು ಸಾಮಾನ್ಯವಾಗಿ ಅಗತ್ಯವನ್ನು ಹೇಳದೆ ತಮಗೆ ತೋಚಿದ ಪರಿಹಾರವನ್ನೇ ಹೇಳುತ್ತಾರೆ. ಗ್ರಂಥಪಾಲಕರು ಹೊಸ ಕಂಪ್ಯೂಟರ್ ಬೇಕೆನ್ನಬಹುದು. ವಿಚಾರಿಸಿದರೆ, ಅವಧಿ ಮೀರಿದ ಪುಸ್ತಕಗಳು ಯಾರ ಬಳಿ ಉಳಿದಿವೆ ಎಂದು ತಿಳಿಯದಿರುವುದೇ ಅವರ ತೊಂದರೆಯಾಗಿರಬಹುದು. ಆದ್ದರಿಂದ 'ಏಕೆ' ಎಂಬ ಪ್ರಶ್ನೆಯೇ ವಿಶ್ಲೇಷಕರ ಮುಖ್ಯ ಸಾಧನ.

ಲಂಡನ್ ಆಂಬುಲೆನ್ಸ್ ಪ್ರಕರಣ

ಅಗತ್ಯಗಳನ್ನು ಸರಿಯಾಗಿ ಅರಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಠ್ಯಗಳಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವ ನಿದರ್ಶನವಿದು. ಲಂಡನ್ ಆಂಬುಲೆನ್ಸ್ ಸೇವೆಯಲ್ಲಿ ತುರ್ತು ಕರೆಗಳನ್ನು ಕಾಗದದ ನಮೂನೆಯಲ್ಲಿ ಬರೆದುಕೊಂಡು, ಸಿಬ್ಬಂದಿಯೇ ವಾಹನಗಳನ್ನು ಹಂಚುತ್ತಿದ್ದರು. 1992ರ ಅಕ್ಟೋಬರ್ 26ರಂದು ಇದರ ಬದಲಿಗೆ ಗಣಕೀಕೃತ ವ್ಯವಸ್ಥೆ ಜಾರಿಗೆ ಬಂದಿತು. ಪ್ರತಿ ವಾಹನ ಎಲ್ಲಿದೆ, ಬಿಡುವಾಗಿದೆಯೇ ಎಂಬ ಮಾಹಿತಿ ಸದಾ ಸರಿಯಾಗಿರುತ್ತದೆ ಎಂದು ಅದು ನಂಬಿತ್ತು. ವಾಸ್ತವದಲ್ಲಿ ರೇಡಿಯೊ ಸಂಪರ್ಕ ತಪ್ಪುತ್ತಿತ್ತು. ರೋಗಿಯನ್ನು ಎತ್ತಿಕೊಳ್ಳುವ ಆತುರದಲ್ಲಿ ಸಿಬ್ಬಂದಿ ಗುಂಡಿಗಳನ್ನು ನಿಗದಿತ ಕ್ರಮದಲ್ಲಿ ಒತ್ತುತ್ತಿರಲಿಲ್ಲ. ಒಂದೇ ಕರೆಗೆ ಎರಡು ವಾಹನಗಳು ಹೋದವು, ಕೆಲವು ಕರೆಗಳಿಗೆ ಬಹಳ ಹೊತ್ತು ಯಾರೂ ಹೋಗಲಿಲ್ಲ. ಕಾದು ಬೇಸತ್ತವರು ಮತ್ತೆ ಕರೆ ಮಾಡಿದಾಗ ಹೊರೆ ಇನ್ನಷ್ಟು ಬೆಳೆಯಿತು. ಎಚ್ಚರಿಕೆಯ ಸಂದೇಶಗಳು ಪರದೆ ತುಂಬಿ ಹಳೆಯವು ಕಣ್ಮರೆಯಾದವು. ಮರುದಿನವೇ ಭಾಗಶಃ ಹಳೆಯ ಪದ್ಧತಿಗೆ ಮರಳಬೇಕಾಯಿತು. ನವೆಂಬರ್ 4ರಂದು ವ್ಯವಸ್ಥೆ ಪೂರ್ಣವಾಗಿ ಸ್ಥಗಿತಗೊಂಡಿತು. 1993ರ ಫೆಬ್ರವರಿಯಲ್ಲಿ ವಿಚಾರಣಾ ವರದಿ ಪ್ರಕಟವಾಯಿತು. ಅಗತ್ಯಗಳ ದಾಖಲೆ ತೆಳ್ಳಗಿತ್ತೆಂದು ಯಾರೂ ದೂರುವಂತಿರಲಿಲ್ಲ, ಅದು ಅತಿ ವಿವರವಾಗಿಯೇ ಇತ್ತು. ಆದರೆ ಅದನ್ನು ರೂಪಿಸುವಾಗ ವಾಹನದಲ್ಲಿ ದುಡಿಯುವವರ ಪಾಲು ತೀರ ಕಡಿಮೆಯಿತ್ತು.

ಬರೆಯದೇ ಉಳಿದ ಅಗತ್ಯ

1996ರ ಜೂನ್ 4ರಂದು ಯೂರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಏರಿಯಾನ್ 4ರ ದಿಕ್ಸೂಚನಾ ತಂತ್ರಾಂಶವನ್ನು ಅದರಲ್ಲಿ ಮರುಬಳಸಲಾಗಿತ್ತು. ಹೊಸ ರಾಕೆಟ್ಟಿನ ಅಡ್ಡ ವೇಗ ಹೆಚ್ಚಾಗಿದ್ದರಿಂದ ಒಂದು ಸಂಖ್ಯೆ 16 ಬಿಟ್‌ಗಳ ಮಿತಿಯನ್ನು ಮೀರಿತು. ಏರಿಯಾನ್ 5ರ ಪಥದ ವಿವರಗಳನ್ನು ಆ ಘಟಕದ ಅಗತ್ಯಗಳಲ್ಲಿ ಸೇರಿಸಿಯೇ ಇರಲಿಲ್ಲ. ದೋಷವಿದ್ದ ಲೆಕ್ಕಾಚಾರವು ಏರಿಯಾನ್ 5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೂ ಇರಲಿಲ್ಲ.

ಭೂಮಿ ಯೋಜನೆ

ಕರ್ನಾಟಕದ ಪಹಣಿ ಗಣಕೀಕರಣ ಯೋಜನೆಯಾದ 'ಭೂಮಿ'ಯಲ್ಲಿ ಸುಮಾರು 2 ಕೋಟಿ ಭೂದಾಖಲೆಗಳನ್ನು ತಾಲ್ಲೂಕು ಕಚೇರಿಗಳ ಕಂಪ್ಯೂಟರ್‌ಗಳಿಗೆ ತರಲಾಯಿತು. ಆರಂಭದಲ್ಲಿ ಪಹಣಿ ಪ್ರತಿಗೆ 15 ರೂಪಾಯಿ ಶುಲ್ಕವಿತ್ತು. ರೈತನ ಅಗತ್ಯವು ಮುದ್ರಿತ ಪ್ರತಿಯೊಂದೇ ಆಗಿರಲಿಲ್ಲ. ತನ್ನ ಹಕ್ಕು ಬದಲಾವಣೆಯ ಅರ್ಜಿಯನ್ನು ದಾಟಿಸಿ ಬೇರೊಬ್ಬರದನ್ನು ಮುಂದೆ ತೆಗೆದುಕೊಳ್ಳಬಾರದೆಂಬುದೂ ಅದರಲ್ಲಿ ಸೇರಿತ್ತು. ಮೊದಲು ಬಂದ ಅರ್ಜಿಗೆ ಮೊದಲ ಆದ್ಯತೆ ಎಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಿದ್ದು, ಸಿಬ್ಬಂದಿಯ ಗುರುತಿಗೆ ಬೆರಳಚ್ಚು ಬಳಸಿದ್ದು ಇಂಥ ವಿಶ್ಲೇಷಣೆಗೆ ಒಳ್ಳೆಯ ಮಾದರಿ.

ನಿರ್ವಹಣೆ

ಎಲ್ಲರೂ ಒಪ್ಪಿದ ಅಗತ್ಯಗಳ ಪಟ್ಟಿಯನ್ನು ಆಧಾರರೇಖೆಯೆಂದು ಇರಿಸಿಕೊಂಡು, ಅನಂತರದ ಪ್ರತಿ ಬದಲಾವಣೆಯನ್ನು ಅದರ ವೆಚ್ಚ, ಅವಧಿ, ಪರಿಣಾಮಗಳೊಂದಿಗೆ ತೂಗಿ ದಾಖಲಿಸಲಾಗುತ್ತದೆ. ಪ್ರತಿ ಅಗತ್ಯ ಯಾರಿಂದ ಬಂದಿತು, ಯಾವ ಪರೀಕ್ಷೆಯಿಂದ ದೃಢಪಟ್ಟಿತು ಎಂಬುದನ್ನು ಜಾಡು ಕೋಷ್ಟಕ ತೋರಿಸುತ್ತದೆ. ಆದ್ಯತೆ ನಿಗದಿಗೆ ಡಾಯ್ ಕ್ಲೆಗ್ 1994ರಲ್ಲಿ ರೂಪಿಸಿದ ಮಾಸ್ಕೊ ವಿಧಾನ ಜನಪ್ರಿಯ: ಇರಲೇಬೇಕು, ಇರಬೇಕು, ಇದ್ದರೆ ಒಳಿತು, ಈ ಬಾರಿ ಬೇಡ. ಎಲ್ಲವನ್ನೂ ಮೊದಲ ಗುಂಪಿಗೆ ತುಂಬುವುದು ಸಾಮಾನ್ಯ ತಪ್ಪು. ಅಜೈಲ್ ಪದ್ಧತಿಯಲ್ಲಿ ದೀರ್ಘ ದಾಖಲೆಯ ಬದಲು ಯಾರಿಗೆ, ಏನು, ಏಕೆ ಬೇಕು ಎಂದು ತಿಳಿಸುವ ಕಿರು ಬಳಕೆದಾರ ಕಥೆಗಳಿರುತ್ತವೆ.

ಕಲಿಕೆ

ಸಂದರ್ಶನ, ಕೆಲಸದ ಸ್ಥಳದಲ್ಲಿ ವೀಕ್ಷಣೆ, ಕಾರ್ಯಾಗಾರ, ಹಳೆಯ ದಾಖಲೆಗಳ ಓದು, ಮಾದರಿ ಪರದೆಗಳ ರಚನೆ ಇವು ಕಲಿಯುವವರು ರೂಢಿಸಿಕೊಳ್ಳಬೇಕಾದ ವಿಧಾನಗಳು. ಇವುಗಳಲ್ಲಿ ವೀಕ್ಷಣೆಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಜನರು ಕೆಲಸ ಮಾಡುವ ರೀತಿಗೂ ಅದನ್ನು ವಿವರಿಸುವ ರೀತಿಗೂ ಅಂತರವಿರುತ್ತದೆ.

ಭಾಷೆಯ ಶಿಸ್ತು ಇದಕ್ಕಿಂತ ಕಡಿಮೆಯದಲ್ಲ. 'ಅರ್ಜಿಯನ್ನು ಪರಿಶೀಲಿಸಲಾಗುವುದು' ಎಂಬ ಕರ್ಮಣಿ ವಾಕ್ಯದಲ್ಲಿ ಪರಿಶೀಲಿಸುವವರು ಯಾರೆಂಬುದೇ ಮರೆಯಾಗುತ್ತದೆ. 'ಖಾತೆ' ಎಂದರೆ ಬ್ಯಾಂಕಿನಲ್ಲಿ ಒಂದು, ಪಾಲಿಕೆಯಲ್ಲಿ ಇನ್ನೊಂದು, ಮಂತ್ರಿಮಂಡಲದಲ್ಲಿ ಮತ್ತೊಂದು. ಆದುದರಿಂದ ದಾಖಲೆಯ ಆರಂಭದಲ್ಲಿಯೇ ಪದಕೋಶವನ್ನು ಕೊಡುವುದು ರೂಢಿ. ವ್ಯಾಕರಣವನ್ನು ಚೆನ್ನಾಗಿ ಬಲ್ಲ ಕಲಾ ಪದವೀಧರರಿಗೂ ಈ ವೃತ್ತಿಯಲ್ಲಿ ಅವಕಾಶವಿರುವುದು ಇದರಿಂದಲೇ.

ಅನುಭವವಿಲ್ಲದವರು ಮೇಲಿನ ಸಂಘಟನೆಯ ಇಸಿಬಿಎ ಪ್ರಮಾಣಪತ್ರದಿಂದ ಆರಂಭಿಸಬಹುದು. ಸಿಬಿಎಪಿ ಪ್ರಮಾಣಪತ್ರಕ್ಕೆ ಹಿಂದಿನ 10 ವರ್ಷಗಳಲ್ಲಿ ಕನಿಷ್ಠ 7,500 ಗಂಟೆಗಳ ವಿಶ್ಲೇಷಣಾ ಕೆಲಸದ ಅನುಭವ ಬೇಕು.