ಸಂಡೂರಿನ ಅದಿರು, ಏಷ್ಯಾದ ರಾಜಕಾರಣ

ಕಮಲಾಪುರದಿಂದ ಕಂಪ್ಲಿ ಕಡೆಗೆ ಹೊರಟರೆ ತುಂಗಭದ್ರೆಯ ದಂಡೆಯಲ್ಲಿ ಬುಕ್ಕಸಾಗರ ಸಿಗುತ್ತದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ನೀರಲ್ಲಿ ಬಾಳೆ, ಭತ್ತ, ಕಬ್ಬು ಬೆಳೆಯುವ ಸೀಮೆ ಇದು. ಆ ಕಾಲುವೆಗಳ ನವೀಕರಣಕ್ಕೆ ಮನಿಲಾದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ಬಂದಿದೆ. ಊರಲ್ಲಿ ಗಣಿ ಇಲ್ಲ. ಆದರೆ ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು, ಆಗ್ನೇಯಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಪಶ್ಚಿಮಕ್ಕೆ ಅದಿರು ಲಾರಿಗಳ ಹೊಸಪೇಟೆ. ಏಷ್ಯಾದ ರಾಜಕಾರಣದ ಮಾತು ಬಂದಾಗ ನಮ್ಮ ಕಣ್ಣು ಬೀಜಿಂಗ್, ಟೋಕಿಯೋ, ದೆಹಲಿಯ ಕಡೆಗೆ ಹೋಗುತ್ತದೆ. ಅಲ್ಲಿ ಆದ ತೀರ್ಮಾನಗಳು ಬಂದು ಮುಟ್ಟಿದ ಜಾಗಗಳಲ್ಲಿ ಈ ಸೀಮೆಯೂ ಒಂದು.

ಇಲ್ಲಿನ ಅದಿರಿನ ಬಗ್ಗೆ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಬರವಣಿಗೆ ನಡೆದಿದೆ. ಮೊದಲು ಭೂವಿಜ್ಞಾನಿಗಳು ಬರೆದರು, ಆಮೇಲೆ ಯೋಜನಾಕಾರರು, ಆಮೇಲೆ ಪತ್ರಕರ್ತರು, ಲೋಕಾಯುಕ್ತರು, ಕೊನೆಗೆ ಸುಪ್ರೀಂ ಕೋರ್ಟಿನ ಸಮಿತಿಗಳು. ಪ್ರತಿ ಪೀಳಿಗೆಯೂ ಹಿಂದಿನವರು ಬಿಟ್ಟದ್ದನ್ನು ಕಂಡಿತು, ತಾನೂ ಏನನ್ನೋ ಬಿಟ್ಟಿತು. ಬಂಡೆಯ ಲೆಕ್ಕ, ಟನ್ನಿನ ಲೆಕ್ಕ, ಲಂಚದ ಲೆಕ್ಕ, ಕಾಡಿನ ಲೆಕ್ಕ ಇಷ್ಟೂ ಈಗ ನಮ್ಮ ಕೈಯಲ್ಲಿವೆ. ಬೆಟ್ಟ ಹತ್ತಿ ಕೂಲಿ ಮಾಡಿದವರ ಲೆಕ್ಕ ಮಾತ್ರ ಇನ್ನೂ ಬರೆಯಬೇಕಾಗಿದೆ ಎಂಬುದು ಈ ಓದಿನಿಂದ ನನಗಾದ ಮನವರಿಕೆ.

ಮೊದಲ ಹೆಸರು ರಾಬರ್ಟ್ ಬ್ರೂಸ್ ಫೂಟ್ ಅವರದು. ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಕಂಡು ಹೆಸರಾದ ಈ ಭೂವಿಜ್ಞಾನಿ ಬಳ್ಳಾರಿ ಜಿಲ್ಲೆಯ ಶಿಲಾರಚನೆಯ ಕುರಿತು ಬರೆದ ಗ್ರಂಥ 1895ರಲ್ಲಿ ಬಂತು. ಸಂಡೂರಿನ ಕಬ್ಬಿಣ ಎಂಥದೆಂದು ಹೊರಜಗತ್ತಿಗೆ ಶಾಸ್ತ್ರೀಯವಾಗಿ ತಿಳಿದದ್ದು ಅಲ್ಲಿಂದ. ಆಗ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1932ರಲ್ಲಿ ಅಲ್ಲಿನ ಅರಸರು ಕುಮಾರಸ್ವಾಮಿ ಬೆಟ್ಟದ ದೇವಸ್ಥಾನವನ್ನು ದಲಿತರಿಗೆ ತೆರೆದಾಗ ಗಾಂಧೀಜಿ ಮೆಚ್ಚಿ ಮಾತಾಡಿದ್ದರು. 1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು, 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು. ಮರುವರ್ಷವೇ, 1954ರಲ್ಲಿ, ಘೋರ್ಪಡೆ ಮನೆತನದ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು. ದೇವರ ಬೆಟ್ಟವೂ ಅದಿರಿನ ಬೆಟ್ಟವೂ ಒಂದೇ ಆಗಿದ್ದುದರ ಪರಿಣಾಮವನ್ನು ಆ ಕಾಲದ ಬರಹಗಾರರು ಊಹಿಸಿರಲಿಲ್ಲ.

ಅದಿರನ್ನು ಮೊದಲು ದೊಡ್ಡದಾಗಿ ಕೊಂಡ ಏಷ್ಯಾದ ದೇಶ ಜಪಾನ್. ಯುದ್ಧದಲ್ಲಿ ಸುಟ್ಟುಹೋದ ದೇಶ ಉಕ್ಕಿನಿಂದ ಎದ್ದು ನಿಲ್ಲಲು ಹೊರಟಿತ್ತು, ಅದರ ನೆಲದಲ್ಲಿ ಕಬ್ಬಿಣ ಇರಲಿಲ್ಲ. ಭಾರತಕ್ಕೆ ವಿದೇಶಿ ವಿನಿಮಯ ಬೇಕಿತ್ತು. ಬಳ್ಳಾರಿ–ಹೊಸಪೇಟೆಯ ಅದಿರು ರೈಲಿನಲ್ಲಿ ಮದ್ರಾಸ್ ಬಂದರಿಗೆ ಹೋಗಿ ಹಡಗು ಹತ್ತಿತು. ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿ ದೋಣಿಮಲೆಯಲ್ಲಿ 1977ರಲ್ಲಿ ಗಣಿ ಆರಂಭಿಸಿತು. ಆ ದಿನಗಳ ಬರಹಗಳಲ್ಲಿ ಅದಿರು ಎಂದರೆ ಡಾಲರು. ಅದೇ ದಶಕದಲ್ಲಿ ಮಲೆನಾಡಿನ ಕುದುರೆಮುಖ ಬೇರೊಂದು ಪಾಠ ಕಲಿಸಿತು. 1975ರಲ್ಲಿ ಇರಾನಿನ ಶಹಾ ಸರ್ಕಾರದೊಂದಿಗೆ ಒಪ್ಪಂದವಾಗಿ ಅಲ್ಲಿ ಗಣಿ ಕಟ್ಟಿದ್ದಾಯಿತು. 1979ರಲ್ಲಿ ಟೆಹರಾನಿನಲ್ಲಿ ಕ್ರಾಂತಿಯಾಯಿತು, ಕೊಳ್ಳುವವರು ಹೋದರು. ದೂರದ ಒಂದು ರಾಜಧಾನಿಯ ಬೀದಿಯಲ್ಲಿ ನಡೆದದ್ದು ಚಿಕ್ಕಮಗಳೂರಿನ ಬೆಟ್ಟದ ಲೆಕ್ಕವನ್ನು ಬುಡಮೇಲು ಮಾಡಬಲ್ಲದು ಎಂಬ ಈ ಪಾಠವನ್ನು ಬಳ್ಳಾರಿ ಗಂಭೀರವಾಗಿ ತೆಗೆದುಕೊಂಡಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೇನೋ.

ಅದಿರನ್ನು ಇಲ್ಲೇ ಕರಗಿಸಬೇಕೆಂಬ ಆಸೆಯೂ ಹಳೆಯದೇ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಎರಡು ದಶಕ ಅಡಿಗಲ್ಲು ಅಡಿಗಲ್ಲಾಗಿಯೇ ಉಳಿಯಿತು. ಉದಾರೀಕರಣದ ನಂತರ, 1994ರಲ್ಲಿ, ಜಿಂದಾಲ್ ಬಂತು. 1993ರ ರಾಷ್ಟ್ರೀಯ ಖನಿಜ ನೀತಿ ಕಬ್ಬಿಣದ ಅದಿರನ್ನು ಖಾಸಗಿಯವರಿಗೆ ತೆರೆದಿಟ್ಟಿತ್ತು.

ಆಮೇಲೆ ಬಂದದ್ದು ಚೀನಾ. 2000ದಲ್ಲಿ ಆ ದೇಶ ತಯಾರಿಸಿದ ಉಕ್ಕು ಸುಮಾರು 12.8 ಕೋಟಿ ಟನ್. ಬೀಜಿಂಗ್ ಒಲಿಂಪಿಕ್ಸ್ ನಡೆದ 2008ರ ಹೊತ್ತಿಗೆ ಅದು 50 ಕೋಟಿ ಟನ್ ದಾಟಿತ್ತು. ಅಷ್ಟು ಕುಲುಮೆಗಳ ಹಸಿವು ತಣಿಸಲು ಆಸ್ಟ್ರೇಲಿಯಾ, ಬ್ರೆಜಿಲ್ ಸಾಲದೆ ಮೂರನೆಯದಾಗಿ ಭಾರತ ಸೇರಿಕೊಂಡಿತು. ಯಾರೂ ಕೇಳದೆ ಗುಡ್ಡೆ ಬಿದ್ದಿದ್ದ ಪುಡಿ ಅದಿರಿಗೂ, ಇಲ್ಲಿನವರು ಫೈನ್ಸ್ ಎನ್ನುವ ಆ ಕೆಂಪು ಹುಡಿಗೂ, ಬೆಲೆ ಬಂತು. 2008ರಲ್ಲೂ 2011ರಲ್ಲೂ ಚೀನಾದ ಬಂದರಿನಲ್ಲಿ ಟನ್ನಿನ ಬೆಲೆ 180 ಡಾಲರ್ ಮೀರಿತು. ಆದರೆ 2009ರ ಆಗಸ್ಟ್‌ವರೆಗೆ ಸರ್ಕಾರಕ್ಕೆ ಕಟ್ಟಬೇಕಿದ್ದ ರಾಜಧನ, ಅತ್ಯುತ್ತಮ ಅದಿರಿಗೂ ಟನ್ನಿಗೆ 27 ರೂಪಾಯಿ ಮಾತ್ರ. ಮುಂದೆ ನಡೆದ ಎಲ್ಲದರ ಬೇರು ಈ ಎರಡು ಅಂಕಿಗಳ ನಡುವೆ ಇದೆ. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ತನಗಾಗಿ ಮೀಸಲಿಟ್ಟಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಮೀಸಲಿನಿಂದ ಬಿಡಿಸಿದ್ದು ಆ ಬೇರಿಗೆ ನೀರೆರೆಯಿತು. ಪಟ್ಟಾ ಜಮೀನುಗಳಲ್ಲೂ ಅಗೆತ ಶುರುವಾಯಿತು. ಜೋಳ ಬಿತ್ತುತ್ತಿದ್ದ ಹೊಲಗಳು ಸ್ಟಾಕ್‌ಯಾರ್ಡ್ ಆದವು.

ಅಕ್ರಮ ಹೇಗೆ ನಡೆಯುತ್ತಿತ್ತು ಎಂಬುದನ್ನು ಒಂದು ಲಾರಿಯ ಜೊತೆ ಹೋಗಿ ನೋಡುವುದು ಒಳ್ಳೆಯದು. ಗಣಿಯಿಂದ ಹೊರಡುವ ಲಾರಿಗೆ ಗಣಿ ಇಲಾಖೆಯ ಪರ್ಮಿಟ್ ಬೇಕು, ಕಾಡು ದಾಟಲು ಅರಣ್ಯ ಇಲಾಖೆಯ ಪಾಸ್ ಬೇಕು. ಪರ್ಮಿಟ್‌ನಲ್ಲಿ ಬರೆದ ತೂಕ ಒಂದು, ಹೇರಿದ ತೂಕ ಇನ್ನೊಂದು. ಎಷ್ಟೋ ಲಾರಿಗಳಿಗೆ ಪರ್ಮಿಟ್ಟೇ ಇರುತ್ತಿರಲಿಲ್ಲ. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾದ ಬೇಲೆಕೇರಿ ಬಂದರು ಮುಟ್ಟುವವರೆಗೆ ಪೊಲೀಸು, ಸಾರಿಗೆ, ಅರಣ್ಯ, ಗಣಿ, ವಾಣಿಜ್ಯ ತೆರಿಗೆ ಎಂದು ಇಲಾಖೆ ಇಲಾಖೆಯ ತನಿಖಾ ಠಾಣೆಗಳು. ಈ ಒಂದೊಂದು ಕಡೆಯೂ ತಡೆ ಬಾರದಂತೆ ಮೊದಲೇ ಮೊತ್ತ ಪಡೆದು ದಾರಿ ಸುಗಮ ಮಾಡಿಕೊಡುವ ಏರ್ಪಾಟಿಗೆ ‘ಝೀರೋ ರಿಸ್ಕ್’ ಎಂಬ ಹೆಸರಿತ್ತೆಂದು ಲೋಕಾಯುಕ್ತ ತನಿಖೆ ದಾಖಲಿಸಿತು. ಗಣಿ ಯಾರದೋ ಹೆಸರಿನಲ್ಲಿ, ಅಗೆಯುವವರು ಇನ್ನಾರೋ. ಅದಕ್ಕೆ ‘ರೈಸಿಂಗ್ ಕಾಂಟ್ರಾಕ್ಟ್’ ಎಂಬ ಕಾಗದದ ಮುಸುಕು. ಕಾನೂನು ಬಲ್ಲವರೂ ಕಚೇರಿ ನಡೆಸಬಲ್ಲವರೂ ಕೂತು ಕಟ್ಟಿದ ವ್ಯವಸ್ಥೆ ಇದು.

2007ರ ಮಾರ್ಚ್‌ನಲ್ಲಿ ಸರ್ಕಾರ ತನಿಖೆಯನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೊದಲ ವರದಿ 2008ರ ಡಿಸೆಂಬರ್‌ನಲ್ಲಿ, ಎರಡನೆಯದು 2011ರ ಜುಲೈ 27ರಂದು ಬಂತು. ತನಿಖಾ ತಂಡದ ಮುಂದಾಳು ಅರಣ್ಯಾಧಿಕಾರಿ ಯು.ವಿ. ಸಿಂಗ್. ಬ್ಯಾಂಕ್ ಖಾತೆ, ರೈಲ್ವೆ ದಾಖಲೆ, ಬಂದರಿನ ಲೆಕ್ಕ, ಕಂಪ್ಯೂಟರಿನಲ್ಲಿ ಸಿಕ್ಕ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನಾಲ್ಕೈದು ವರ್ಷದಲ್ಲಿ 2.98 ಕೋಟಿ ಟನ್ ಅದಿರು ಅಕ್ರಮವಾಗಿ ಹೊರಹೋಯಿತೆಂದೂ, ಖಜಾನೆಗೆ 16,085 ಕೋಟಿ ರೂಪಾಯಿ ನಷ್ಟವಾಯಿತೆಂದೂ ಆ ವರದಿ ಹೇಳಿತು. ಅದು ಬಂದ ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಕರ್ನಾಟಕದ ಸಮಾಜವನ್ನು ಅರಿಯಲು ಬಯಸುವವರು ಓದಲೇಬೇಕಾದ ಪುಸ್ತಕಗಳ ಸಾಲಿನಲ್ಲಿ ಈ ವರದಿಯನ್ನು ನಾನು ಇಡುತ್ತೇನೆ. ಅಧಿಕಾರ ನಮ್ಮಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಇಷ್ಟು ವಿವರವಾಗಿ ತೋರಿಸಿದ ಬರಹಗಳು ಕಡಿಮೆ.

ರಾಜಕೀಯದ ಪಾಲನ್ನು ಕನ್ನಡಿಗರಿಗೆ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಸ್ಪರ್ಧೆಯಿಂದ ಬಳ್ಳಾರಿ ದೇಶಕ್ಕೆ ಪರಿಚಯವಾಯಿತು. 2008ರಲ್ಲಿ ಗಣಿಯ ಹಣ ಸರ್ಕಾರ ರಚನೆಯ ಮಾತಾಯಿತು. 2010ರ ಜುಲೈ–ಆಗಸ್ಟ್‌ನಲ್ಲಿ ಸಿದ್ದರಾಮಯ್ಯನವರ ಮುಂದಾಳತ್ವದಲ್ಲಿ ಕಾಂಗ್ರೆಸ್ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿತು. 2011ರ ಸೆಪ್ಟೆಂಬರ್ 5ರಂದು ಗಣಿ ಉದ್ಯಮಿ ಗಾಲಿ ಜನಾರ್ದನ ರೆಡ್ಡಿ ಸಿಬಿಐ ಬಂಧನಕ್ಕೊಳಗಾದರು. ಓಬಳಾಪುರಂ ಗಣಿ ಪ್ರಕರಣದಲ್ಲಿ ಅವರಿಗೆ ಹೈದರಾಬಾದಿನ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಏಳು ವರ್ಷ ಶಿಕ್ಷೆ ವಿಧಿಸಿತು, ತೆಲಂಗಾಣ ಹೈಕೋರ್ಟ್ ಜೂನ್‌ನಲ್ಲಿ ಅದನ್ನು ಅಮಾನತಿನಲ್ಲಿಟ್ಟಿತು. ಈ ನಡುವೆ, 2023ರಲ್ಲಿ, ಬುಕ್ಕಸಾಗರದ ಎದುರು ದಡದ ಗಂಗಾವತಿ ಕ್ಷೇತ್ರ ಅವರನ್ನು ಶಾಸಕರನ್ನಾಗಿ ಆರಿಸಿತ್ತು. ಮತದಾರರು ಯಾಕೆ ಹೀಗೆ ಮಾಡುತ್ತಾರೆಂದು ಹೊರಗಿನವರು ಬೇಸರಪಡುವುದುಂಟು. ಬರದ ನಾಡಿನಲ್ಲಿ ಮದುವೆ, ಆಸ್ಪತ್ರೆ, ದೇವಸ್ಥಾನಕ್ಕೆ ಯಾರು ಹಣ ಕೊಟ್ಟರು ಎಂಬ ನೆನಪು ಎಷ್ಟು ಗಟ್ಟಿಯೆಂದು ತಿಳಿಯದೆ ಆ ಬೇಸರಕ್ಕೆ ಬೆಲೆಯಿಲ್ಲ.

ಏಷ್ಯಾದ ರಾಜಕಾರಣದಲ್ಲಿ ಭದ್ರತೆ ಎಂದಾಗ ದೇಶದ ಗಡಿ ನೆನಪಾಗುತ್ತದೆ. ಇಲ್ಲಿ ಅಲುಗಿದ್ದು ರಾಜ್ಯಗಳ ಗಡಿ. ಕರ್ನಾಟಕ–ಆಂಧ್ರದ ಎಲ್ಲೆಯಲ್ಲಿ ಗುರುತಾಗಿ ನಿಂತಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನು 2006ರಲ್ಲಿ ಗಣಿಗಾಗಿ ಉರುಳಿಸಲಾಯಿತು. ಗಡಿ ಎಲ್ಲಿತ್ತೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಊರವರಿಗೆ ಅದು ತಲೆಮಾರುಗಳಿಂದ ಪೂಜಿಸಿದ ತಾಯಿಯ ಗುಡಿ.

ಲೋಕಾಯುಕ್ತ ಹಣದ ಜಾಡು ಹಿಡಿದರೆ ನ್ಯಾಯಾಲಯ ನೆಲದ ಜಾಡು ಹಿಡಿಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ತುಮಕೂರು, ಚಿತ್ರದುರ್ಗಕ್ಕೂ ತಡೆ ಬಂತು. ಕೇಂದ್ರ ಉನ್ನತಾಧಿಕಾರ ಸಮಿತಿ ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿತು. 2013ರ ಏಪ್ರಿಲ್ 18ರ ತೀರ್ಪು ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು, ವರ್ಷಕ್ಕೆ ಮೂರು ಕೋಟಿ ಟನ್ನಿನ ಮಿತಿ ಹಾಕಿತು. ಬೆಟ್ಟಕ್ಕೂ ತಾಳಿಕೆಯ ಒಂದು ಮಿತಿಯಿದೆ ಎಂಬ ವಿಚಾರ ಕಾನೂನಿನ ಬಲ ಪಡೆದದ್ದು ಹೀಗೆ. ಆ ಮಿತಿ 2017ರಲ್ಲಿ ಮೂರೂವರೆ ಕೋಟಿಗೆ, 2022ರ ಆಗಸ್ಟ್‌ನಲ್ಲಿ ಐದು ಕೋಟಿಗೆ ಏರಿದೆ. ಇದು ಆತುರದ ಏರಿಕೆ ಎಂದು ನನ್ನ ಅನಿಸಿಕೆ. ಬಗೆದ ಬೆಟ್ಟಗಳ ಮೇಲೆ ಹಸಿರು ಕಾಣುವ ಮೊದಲೇ ಹೊಸ ಅಗೆತಕ್ಕೆ ಅವಕಾಶವಾಯಿತು.

ಏಷ್ಯಾದ ನಂಟು ಇಲ್ಲಿಗೇ ಕಡಿಯಲಿಲ್ಲ. 2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ಚೀನಾದ ಸೈನಿಕರೊಂದಿಗಿನ ಸಂಘರ್ಷದಲ್ಲಿ ನಮ್ಮ ಯೋಧರು ಪ್ರಾಣ ಕೊಟ್ಟರು. ಆಗ ಕರ್ನಾಟಕದ ಅದಿರಿಗೆ ರಫ್ತು ನಿಷೇಧವಿತ್ತು, ಆದರೆ ಅದೇ ಹಣಕಾಸು ವರ್ಷ ಭಾರತದ ಇತರ ಗಣಿಗಳಿಂದ ಚೀನಾಕ್ಕೆ ಅದಿರಿನ ರಫ್ತು ಏರಿತು. ಕರ್ನಾಟಕದ ಅದಿರಿನ ಮೇಲಿನ ಆ ನಿಷೇಧವನ್ನು ಸುಪ್ರೀಂ ಕೋರ್ಟ್ 2022ರ ಮೇ 20ರಂದು ತೆರವು ಮಾಡಿದರೆ, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು, ನವೆಂಬರ್‌ನಲ್ಲಿ ಇಳಿಸಿತು. ಇಂಡೊನೇಷ್ಯಾ 2020ರಿಂದ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿ ಕಾರ್ಖಾನೆಗಳನ್ನು ತನ್ನ ನೆಲಕ್ಕೆ ಕರೆಸಿಕೊಂಡಿದೆ. ಮಣ್ಣನ್ನು ಮಾರುವುದೋ ಉಕ್ಕನ್ನು ಮಾರುವುದೋ ಎಂಬ ಬಳ್ಳಾರಿಯ ಹಳೆಯ ಪ್ರಶ್ನೆ ಈಗ ಇಡೀ ಖಂಡದ ಪ್ರಶ್ನೆ.

ಈ ಎಲ್ಲ ಬರಹಗಳಲ್ಲಿ ಕಾಣದೆ ಹೋದವರ ಮಾತಿಗೆ ಬರುತ್ತೇನೆ. ಯಂತ್ರಗಳು ಬರುವ ಮುಂಚೆ ಗಂಡಸರೂ ಹೆಂಗಸರೂ ಸುತ್ತಿಗೆ ಹಿಡಿದು ಅದಿರು ಒಡೆದು, ಜರಡಿ ಹಿಡಿದು, ಬುಟ್ಟಿಯಲ್ಲಿ ಹೊತ್ತು ಹಾಕಿದರು. ಹಿಟಾಚಿ ಯಂತ್ರ ಬಂದಾಗ ಅವರ ಕೈಗೆ ಕೆಲಸ ತಪ್ಪಿತು. ಸಾಲ ಮಾಡಿ ಲಾರಿ ಕೊಂಡ ರೈತರ ಮಕ್ಕಳು, ಡ್ರೈವರುಗಳು, ಕ್ಲೀನರುಗಳು 2011ರಲ್ಲಿ ಒಮ್ಮೆಲೇ ಬೀದಿಗೆ ಬಿದ್ದರು. ಅಕ್ರಮ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ರಮ ಮಾಡದವರೂ ದಂಡ ತೆತ್ತರು. ಕೆಂಧೂಳು ಕುಡಿದ ಎದೆಗಳಿಗೆ ಏನಾಯಿತು, ಹೊಲ ಬಿಟ್ಟುಕೊಟ್ಟವರು ಮತ್ತೆ ಬಿತ್ತಿದರೇ ಎಂಬುದಕ್ಕೆ ಟನ್ನಿನ ಪಟ್ಟಿಗಳಲ್ಲಿ ಉತ್ತರವಿಲ್ಲ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆಗಳು ನಡೆದಾಗ ಸಂಡೂರಿನ ಲಂಬಾಣಿ ಮಹಿಳೆಯರ ಕಸೂತಿ ಗಿನ್ನೆಸ್ ದಾಖಲೆ ಬರೆಯಿತು. ಆ ತಾಂಡಾಗಳ ಸುತ್ತಲಿನ ಬೆಟ್ಟಗಳ ಕಥೆಯನ್ನೂ ಅವರ ಬಾಯಿಂದ ಕೇಳಬಹುದಾಗಿತ್ತು.

ಹಣವೂ ಇದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ರಾಜಧನದ ಮೇಲೆ ಪಾಲು ಸಲ್ಲುತ್ತದೆ. ಗಣಿಬಾಧಿತ ಪರಿಸರದ ಪುನಶ್ಚೇತನಕ್ಕೆಂದೇ ರಾಜ್ಯ ನಿಗಮವೊಂದನ್ನು ಕಟ್ಟಿದೆ, ಅದರ ಬಳಿ ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಕಾದು ಕೂತಿತ್ತು. ಇತ್ತ 2024ರಲ್ಲಿ ಸಂಡೂರಿನ ದೇವದಾರಿ ಅರಣ್ಯದಲ್ಲಿ ಹೊಸ ಗಣಿಗೆ ಕೇಂದ್ರ ಮುಂದಾಗಿ, ಸಾವಿರಾರು ಮರಗಳ ಪ್ರಶ್ನೆ ಎದ್ದು, ರಾಜ್ಯದ ಅರಣ್ಯ ಸಚಿವರು ಜಮೀನು ಹಸ್ತಾಂತರಿಸಬೇಡಿ ಎಂದರು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಬುಕ್ಕಸಾಗರ ಒಂದು ಜಿಲ್ಲೆಗೆ, ಸಂಡೂರು, ಕಂಪ್ಲಿ ಇನ್ನೊಂದಕ್ಕೆ ಸೇರಿವೆ. ಧೂಳಿಗೆ ಈ ಗೆರೆ ಕಾಣುವುದಿಲ್ಲ, ಸಂಡೂರಿನ ನಾರಿಹಳ್ಳದ ನೀರಿಗೂ ಕಾಣುವುದಿಲ್ಲ.

ಬುಕ್ಕಸಾಗರಕ್ಕೆ ಹತ್ತಿರದಲ್ಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಶಾಸನ, ಜನಪದ, ಬುಡಕಟ್ಟುಗಳ ಅಧ್ಯಯನಕ್ಕೆ ಹೆಸರಾದ ಸಂಸ್ಥೆ ಅದು. ಸುತ್ತಿಗೆ ಹಿಡಿದು ಅದಿರು ಒಡೆದ ಪೀಳಿಗೆ ಇನ್ನೂ ಬದುಕಿದೆ, ಅವರಿಗೀಗ ವಯಸ್ಸಾಗಿದೆ. ವಿಶ್ವವಿದ್ಯಾಲಯವೂ ಸಂಡೂರು, ಹೊಸಪೇಟೆ, ಕಂಪ್ಲಿಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳನ್ನು ಕರೆದುಕೊಂಡು ಆ ಹಟ್ಟಿಗಳಿಗೆ, ತಾಂಡಾಗಳಿಗೆ ಹೋಗಿ ಅವರ ಮಾತನ್ನು ಬರೆದಿಟ್ಟುಕೊಳ್ಳಲಿ. ಈ ವರ್ಷವೇ ಆ ಕೆಲಸಕ್ಕೆ ಕೈ ಹಾಕಲಿ.