ನಿಧಾನ ಸೈಕಲ್ ಮತ್ತು ಡೇನಿಯಲ್ ಮೊರೆಲಾನ್

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಗಣೇಶನ ಹಬ್ಬಕ್ಕೋ ಸ್ವಾತಂತ್ರ್ಯ ದಿನಕ್ಕೋ ನಿಧಾನ ಸೈಕಲ್ ಸ್ಪರ್ಧೆ ಇಡುವುದುಂಟು. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನು ಗೆದ್ದ. ಬಹುಮಾನ ಒಂದು ಸ್ಟೀಲ್ ಲೋಟ. ನಾನೂ ಎರಡು ಸಲ ಕಾಲೂರಿ ಹೊರಬಿದ್ದವನೇ. ಅದೊಂದು ತಮಾಷೆಯ ಆಟವೆಂದು ತಿಳಿದಿದ್ದೆ, ವೆಲೋಡ್ರೋಮಿನ ಸ್ಪ್ರಿಂಟ್ ಚರಿತ್ರೆ ಓದುವವರೆಗೆ.

ಸ್ಪ್ರಿಂಟಿನಲ್ಲಿ ಇಬ್ಬರೇ ಸವಾರರು. ಮುಂದಿದ್ದವನು ಗಾಳಿ ಸೀಳಬೇಕು, ಹಿಂದಿದ್ದವನಿಗೆ ಅವನ ಮರೆಯಲ್ಲಿ ದಣಿವು ಕಡಿಮೆ. ಹಾಗಾಗಿ ಯಾರಿಗೂ ಮುಂದೆ ಹೋಗಲು ಮನಸ್ಸಿಲ್ಲ. ಇಳಿಜಾರಿನ ಹಲಗೆಯ ಮೇಲೆ ಇಬ್ಬರೂ ನಿಂತೇಬಿಡುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಇಟಲಿಯ ಪೆಟ್ಟೆನೆಲ್ಲಾ, ಫ್ರಾನ್ಸಿನ ಟ್ರೆಂಟಿನ್ ಹೀಗೆ ನಿಂತದ್ದು 21 ನಿಮಿಷ 57 ಸೆಕೆಂಡು! ಆ ಕೂಟದಲ್ಲಿ ಕಂಚು ಗೆದ್ದವನು ಇಪ್ಪತ್ತರ ಹುಡುಗ ಡೇನಿಯಲ್ ಮೊರೆಲಾನ್.

ವೃತ್ತಿಯಲ್ಲಿ ಪೊಲೀಸನಾಗಿದ್ದ ಮೊರೆಲಾನ್ 1968ರಲ್ಲಿ ಮೆಕ್ಸಿಕೊದಲ್ಲಿ ಎರಡು ಚಿನ್ನ, 1972ರಲ್ಲಿ ಮ್ಯೂನಿಕ್ಕಿನಲ್ಲಿ ಮತ್ತೊಂದು ಚಿನ್ನ ಗೆದ್ದ. ಅಮೆಚೂರ್ ಸ್ಪ್ರಿಂಟಿನ ವಿಶ್ವ ಪಟ್ಟ ಏಳು ಸಲ. 1976ರ ಮಾಂಟ್ರಿಯಲ್ ಫೈನಲ್ಲಿನಲ್ಲಿ ಚೆಕೊಸ್ಲೊವಾಕಿಯಾದ ಟ್ಕಾಚ್‌ಗೆ ಸೋತ.

ನನಗೆ ಪದಕಗಳಿಗಿಂತ ಮುಖ್ಯವೆನಿಸಿದ್ದು ಆಮೇಲಿನದು. ಮೊರೆಲಾನನಿಗೆ ಕಲಿಸಿದವನು ಲೂಯಿ ಜೆರಾರ್ದಾಂ, 1930ರ ಅಮೆಚೂರ್ ವಿಶ್ವ ಚಾಂಪಿಯನ್. (ಗಾಯಕಿ ಎಡಿತ್ ಪಿಯಾಫ್ ಪ್ರೇಮಪತ್ರಗಳನ್ನು ಬರೆದದ್ದು ಈತನಿಗೇ, ಅದು ಬೇರೆ ಕಥೆ.) ಮೊರೆಲಾನ್ ತಾನೂ ಕೋಚ್ ಆದ. ಫೆಲಿಸಿಯಾ ಬಲಾಂಜೆ, ಫ್ಲೋರಿಯಾನ್ ರೂಸೋ 1996 ಮತ್ತು 2000ದಲ್ಲಿ ತಲಾ ಮೂರು ಒಲಿಂಪಿಕ್ ಚಿನ್ನ ತಂದರು. ರೂಸೋ ಮುಂದೆ ತಾನೇ ಫ್ರಾನ್ಸಿನ ಸ್ಪ್ರಿಂಟರುಗಳಿಗೆ ಕೋಚ್ ಆದ. ಯಕ್ಷಗಾನದ ತಿಟ್ಟು ಉಳಿದುಬಂದಂತೆಯೇ ಇದೂ. ತೊಡೆಯ ಬಲವನ್ನು ಯಾರೂ ದಾಟಿಸಲಾರರು. ಎದುರಾಳಿಯ ಭುಜ ಯಾವಾಗ ಬಿಗಿಯುತ್ತದೆ, ಎಲ್ಲಿಯವರೆಗೆ ಕಾಯಬೇಕು ಎಂಬುದನ್ನು ದಾಟಿಸಬಹುದು.

ಅದು ಭಾಷೆ ಬಾರದ ಊರಿಗೂ ದಾಟಿತು. ಮೊರೆಲಾನ್ ಚೀನಾಕ್ಕೆ ಹೋದ; ಗುವೊ ಶುವಾಂಗ್ 2008ರಲ್ಲಿ ಬೀಜಿಂಗಿನಲ್ಲಿ ಕಂಚು ಗೆದ್ದಳು. 2012ರಲ್ಲಿ ಲಂಡನ್ನಿನ ಟೀಮ್ ಸ್ಪ್ರಿಂಟ್ ಫೈನಲ್ಲಿನಲ್ಲಿ ಅವಳೂ ಗೊಂಗ್ ಜಿಂಜಿಯೆಯೂ ಮೊದಲು ಗೆರೆ ದಾಟಿದರು. ಆದರೆ ಸರದಿ ಬದಲಿಸುವಾಗ ಆತುರ ಮಾಡಿದರೆಂದು ತೀರ್ಪುಗಾರರು ಬೆಳ್ಳಿಗೆ ಇಳಿಸಿದರು. ಕಾಯುವುದನ್ನೇ ಕಲಿಸಿದವನ ಶಿಷ್ಯೆಯರಿಗೆ ಇಂಥ ತೀರ್ಪು!

ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ. ಬಯಲುಸೀಮೆಯ ಆ ರಸ್ತೆಗಳಿಂದ ರಾಷ್ಟ್ರಮಟ್ಟದ ಸವಾರರು ಬಂದಿದ್ದಾರೆ. ಮಲೆನಾಡಿನ ನಮ್ಮ ಪಾಲಿಗೆ ಉಳಿದದ್ದು ನಿಧಾನ ಸೈಕಲ್ ಮಾತ್ರ.

ಹೋದ ಸಲ ಊರಿಗೆ ಹೋದಾಗ, ಆಗ ಪ್ರತಿ ವರ್ಷ ಲೋಟ ಗೆಲ್ಲುತ್ತಿದ್ದವನು ಅಡಿಕೆ ಚಪ್ಪರದ ಕೆಳಗೆ ಸಿಕ್ಕಿದ. ಹೇಗೆ ನಿಲ್ಲುತ್ತಿದ್ದೆ ಮಾರಾಯ ಎಂದೆ. "ಮುಂದಿನ ಚಕ್ರ ಏರಿನ ಕಡೆ ಓರೆ ಮಾಡ್ಬೇಕು. ಮತ್ತೆ ಪಕ್ಕದವನನ್ನ ನೋಡ್ತಾ ಇರ್ಬೇಕು, ಅಷ್ಟೆ." ವೆಲೋಡ್ರೋಮಿನಲ್ಲಿ ಮಾಡುವುದೂ ಇದನ್ನೇ. ಯಾರಿಗಾದರೂ ಕಲಿಸಿದ್ದೀಯಾ ಎಂದು ಕೇಳಿದೆ.

"ಯಾರು ಕೇಳಿದ್ರು?" ಅಂದ.