ರೇಷನ್ ಬುಕ್ಕು ಹಿಡಿದು ಮಾಡಿದ ಕ್ರಿಸ್‌ಮಸ್ ಊಟ

ನಮ್ಮ ಕಡೆ ರೇಷನ್ ಅಂಗಡಿಗೆ ಸೊಸೈಟಿ ಅಂತಲೇ ಹೇಳೋದು. ತಿಂಗಳಿಗೊಮ್ಮೆ ಚೀಲ ಹಿಡಿದು ಸಾಲಲ್ಲಿ ನಿಂತು, ಬೆರಳಚ್ಚು ಕೊಟ್ಟು ಅಕ್ಕಿ ತರುವುದು ನಿಮಗೆಲ್ಲ ಗೊತ್ತಿರುವ ಕೆಲಸ. ಕಳೆದ ಡಿಸೆಂಬರಿನಲ್ಲಿ ಇಂಥದೇ ಸಾಲಿನ ಸುದ್ದಿ ಮಾಡಲು ಹೋಗಿದ್ದೆ. ಹಿಂದೆ ನಿಂತಿದ್ದ ಒಬ್ಬ ಯಜಮಾನರು, "ರೇಷನ್ ಅನ್ನೋದು ಬಡವರ ಹಣೇಲಿ ಬರೆದಿದ್ದು ಕಣಪ್ಪ, ಸಾಹುಕಾರ ಯಾವತ್ತಾದ್ರೂ ಈ ಸಾಲಲ್ಲಿ ನಿಂತವ್ನಾ?" ಅಂದರು.

ನಿಂತಿದ್ದಾನೆ. ನಮ್ಮನ್ನು ಆಳುತ್ತಿದ್ದ ಬ್ರಿಟನ್ನಿನಲ್ಲೇ, ರಾಜಮನೆತನಕ್ಕೂ ರೇಷನ್ ಬುಕ್ಕು ಕೊಟ್ಟ ಕಾಲವೊಂದಿತ್ತು. ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಅಲ್ಲಿನ ಹೆಂಗಸರು ವರ್ಷದ ದೊಡ್ಡ ಹಬ್ಬದ ಊಟವನ್ನು ಹೇಗೆ ಹೊಂದಿಸಿದರು ಅನ್ನುವುದು ಈ ಬರಹದ ವಿಷಯ.

ಮೊದಲು, ರೇಷನ್ ಯಾಕೆ ಬಂತು ನೋಡೋಣ. ಯುದ್ಧಕ್ಕೆ ಮುಂಚೆ ಬ್ರಿಟನ್ ವರ್ಷಕ್ಕೆ ಸುಮಾರು 2 ಕೋಟಿ ಟನ್ ಆಹಾರವನ್ನು ಹಡಗಿನಲ್ಲಿ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಸಕ್ಕರೆ, ಗೋಧಿ, ಮಾಂಸ, ಹಣ್ಣು, ಚೀಸ್ ಎಲ್ಲವೂ ಸಮುದ್ರ ದಾಟಿಯೇ ಬರಬೇಕು. 1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ನೀರೊಳಗೆ ಹೊಂಚುಹಾಕುವ ಜರ್ಮನಿಯ ಜಲಾಂತರ್ಗಾಮಿಗಳು ಸರಕಿನ ಹಡಗುಗಳನ್ನು ಮುಳುಗಿಸತೊಡಗಿದವು. 1940ರ ಜನವರಿ 8ರಿಂದ ಹಂದಿಮಾಂಸದ ಬೇಕನ್, ಬೆಣ್ಣೆ, ಸಕ್ಕರೆ ರೇಷನ್ನಿಗೆ ಬಂದವು. ಮಾರ್ಚಿನಲ್ಲಿ ಮಾಂಸ, ಜುಲೈನಲ್ಲಿ ಚಹಾ. ಮರುವರ್ಷ ಜ್ಯಾಮ್, ಚೀಸ್. ಮೊಟ್ಟೆಗೂ ಹಾಲಿಗೂ ಕಡಿವಾಣ ಬಿತ್ತು.

ನಮ್ಮಲ್ಲಿ ಒಂದು ಕುಟುಂಬಕ್ಕೆ ಒಂದು ಕಾರ್ಡು. ಅಲ್ಲಿ ತಲೆಗೊಂದು ಬುಕ್ಕು. ಬಣ್ಣವೂ ಬೇರೆ ಬೇರೆ. ಐದು ವರ್ಷದೊಳಗಿನ ಮಕ್ಕಳಿಗೆ ಮತ್ತು ಬಸುರಿಯರಿಗೆ ಹಸಿರು, ದೊಡ್ಡ ಮಕ್ಕಳಿಗೆ ನೀಲಿ, ದೊಡ್ಡವರಿಗೆ ಬಾದಾಮಿ ಬಣ್ಣದ್ದು. ಹಸಿರು ಬುಕ್ಕಿನವರಿಗೆ ಹಾಲು, ಹಣ್ಣುಗಳಲ್ಲಿ ಮೊದಲ ಪಾಲು. ಅಂಗಡಿಯೂ ಗೊತ್ತುಮಾಡಿದ್ದೇ. ಹೆಸರು ಬರೆಸಿದ ಅಂಗಡಿ ಬಿಟ್ಟು ಬೇರೆ ಕಡೆ ಸಕ್ಕರೆ ಸಿಗದು.

ಈಗ ಹಬ್ಬದ ಲೆಕ್ಕಕ್ಕೆ ಬರೋಣ. 1942ರ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಸೈನ್ಯದಲ್ಲಿ. ಮನೆಯಲ್ಲಿ ತಾಯಿ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಊಟಕ್ಕೆ ಬರುವವರು ಇನ್ನಿಬ್ಬರು. ಆ ವರ್ಷಗಳಲ್ಲಿ ದೊಡ್ಡ ಪಂಗಡ ಸೇರುವ ಹಾಗೇ ಇರಲಿಲ್ಲ. ಗಂಡಸರು ಯುದ್ಧದಲ್ಲಿ, ಎಷ್ಟೋ ಪಟ್ಟಣದ ಮಕ್ಕಳು ಬಾಂಬಿನ ಭಯಕ್ಕೆ ಹಳ್ಳಿಯ ಅಪರಿಚಿತರ ಮನೆಗಳಲ್ಲಿ, ರೈಲುಗಳು ಸೈನ್ಯದ ಕೆಲಸದಲ್ಲಿ. ಹಾಗಾಗಿ ಐದಾರು ಜನ ಸೇರಿದರೆ ಅದೇ ಹಬ್ಬ.

ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದದ್ದು ಸಕ್ಕರೆ 225 ಗ್ರಾಂ, ಬೆಣ್ಣೆ 57 ಗ್ರಾಂ, ಚಹಾಪುಡಿ 57 ಗ್ರಾಂ, ಬೇಕನ್ 113 ಗ್ರಾಂ. ಮೊಟ್ಟೆ ಹೆಚ್ಚುಕಡಿಮೆ ಒಂದು, ಅದೂ ಬಂದರೆ. ಮಾಂಸವನ್ನು ತೂಕದಲ್ಲಿ ಅಳೆಯುತ್ತಿರಲಿಲ್ಲ, ದುಡ್ಡಿನಲ್ಲಿ ಅಳೆಯುತ್ತಿದ್ದರು. ಒಬ್ಬ ದೊಡ್ಡವರಿಗೆ ವಾರಕ್ಕೆ 1 ಶಿಲಿಂಗ್ 2 ಪೆನ್ಸ್ ಬೆಲೆಯದು. ಅಗ್ಗದ ಭಾಗ ಕೊಂಡರೆ ಜಾಸ್ತಿ ಬರುತ್ತದೆ, ಒಳ್ಳೆ ಭಾಗ ಕೊಂಡರೆ ಕಡಿಮೆ. ಸುಮಾರು ಅರ್ಧ ಕೇಜಿ ಅಂದುಕೊಳ್ಳಿ. ಯಾವ ಭಾಗ ಕೊಳ್ಳಬೇಕು ಅನ್ನುವುದೇ ಪ್ರತಿ ವಾರದ ಲೆಕ್ಕ.

ಇಷ್ಟರಲ್ಲಿ ಹಬ್ಬ ಮಾಡಬೇಕೆಂದರೆ ತಯಾರಿ ಸೆಪ್ಟೆಂಬರಿಗೇ ಶುರುವಾಗಬೇಕು. ನಾಲ್ವರ ಸಕ್ಕರೆ ಸೇರಿಸಿದರೆ ವಾರಕ್ಕೆ 900 ಗ್ರಾಂ. ಅದರಲ್ಲಿ ವಾರಕ್ಕೆ 30 ಗ್ರಾಂ, ಅಂದರೆ ಎರಡು ದೊಡ್ಡ ಚಮಚೆ, ತೆಗೆದಿಟ್ಟರೆ 16 ವಾರಕ್ಕೆ 480 ಗ್ರಾಂ. ನಮ್ಮಜ್ಜಿ ದಿನಾ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದಳು, ಹಬ್ಬಕ್ಕೆ ಅಂತ. ಅದೇ ಬುದ್ಧಿ. ಒಣದ್ರಾಕ್ಷಿಗೆ ಬೇರೆ ವ್ಯವಸ್ಥೆಯಿತ್ತು. ಬುಕ್ಕಿನಲ್ಲಿ ಪಾಯಿಂಟ್‌ಗಳಿರುತ್ತಿದ್ದವು. ಆ ಪಾಯಿಂಟ್ ಕೊಟ್ಟು ಡಬ್ಬಿ ಮೀನು, ಡಬ್ಬಿ ಮಾಂಸ, ಒಣಹಣ್ಣು, ಯಾವುದು ಬೇಕೋ ಅದನ್ನು ಕೊಳ್ಳಬಹುದು. ಹಬ್ಬಕ್ಕೆ ದ್ರಾಕ್ಷಿ ಬೇಕಾದವಳು ಅಕ್ಟೋಬರಿನಲ್ಲಿ ಡಬ್ಬಿ ಮೀನಿನ ಆಸೆ ಬಿಡಬೇಕು.

ಕ್ರಿಸ್‌ಮಸ್ ಊಟದಲ್ಲಿ ಎರಡು ವಸ್ತು ಮುಖ್ಯ. ಒಂದು, ಇಡಿಯಾಗಿ ಸುಟ್ಟ ಹಕ್ಕಿ. ಇನ್ನೊಂದು, ಪುಡಿಂಗ್. ಈ ಪುಡಿಂಗ್ ಅಂದರೆ ಕಪ್ಪಗೆ, ಗುಂಡಗೆ, ಒಣಹಣ್ಣು ತುಂಬಿದ ಒಂದು ಬಗೆ ಕಡುಬು ಅನ್ನಿ. ಹಿಟ್ಟು, ದನದ ಕೊಬ್ಬು, ದ್ರಾಕ್ಷಿ, ಸಕ್ಕರೆ, ಮೊಟ್ಟೆ ಕಲಸಿ ಬಟ್ಟೆಯಲ್ಲೋ ಬಟ್ಟಲಲ್ಲೋ ಕಟ್ಟಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ನವೆಂಬರ್ ಕೊನೆಯ ಒಂದು ಭಾನುವಾರ ಮನೆಮಂದಿಯೆಲ್ಲ ಸರದಿಯಂತೆ ಹಿಟ್ಟು ತಿರುವಿ, ತಿಂಗಳು ಮುಂಚೆಯೇ ಮಾಡಿಡುವ ರೂಢಿ.

ಯುದ್ಧಕಾಲದ ಪುಡಿಂಗಿಗೆ ಅರ್ಧ ಹಿಟ್ಟಿನ ಜಾಗದಲ್ಲಿ ಒಣಗಿದ ಬ್ರೆಡ್ಡಿನ ಪುಡಿ ಬಂತು. ಸಕ್ಕರೆಯ ಕೆಲಸವನ್ನು ತುರಿದ ಕ್ಯಾರೆಟ್ ಮಾಡಿತು, ಅಂಟಿಗೆ ತುರಿದ ಆಲೂಗೆಡ್ಡೆ. ಬಣ್ಣ ಕಪ್ಪಾಗಲಿ ಅಂತ ತಣ್ಣಗಾದ ಚಹಾ ಡಿಕಾಕ್ಷನ್ ಹಾಕುವವರೂ ಇದ್ದರು. ಮೊಟ್ಟೆಯ ಬದಲಿಗೆ ಅಮೆರಿಕದಿಂದ ಬಂದ ಮೊಟ್ಟೆಪುಡಿ. 12 ಮೊಟ್ಟೆಗೆ ಸಮನಾದ ಒಂದು ಪೊಟ್ಟಣವನ್ನು 1942ರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಿದ್ದರು. ಸೌದೆ, ಗ್ಯಾಸ್ ಉಳಿಸಲು ಹುಲ್ಲಿನ ಪೆಟ್ಟಿಗೆ ಬಳಸಿ ಅಂತ ಸರ್ಕಾರವೇ ಹೇಳಿಕೊಡುತ್ತಿತ್ತು. ಕುದಿಯುವ ಪಾತ್ರೆಯನ್ನು ಒಲೆಯಿಂದಿಳಿಸಿ ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹುಗಿದು ಮುಚ್ಚಿಬಿಟ್ಟರೆ ಒಳಗಿನ ಶಾಖಕ್ಕೇ ಅಡುಗೆ ಬೇಯುತ್ತದೆ. ಹುಲ್ಲಿನಲ್ಲಿ ಮಾವು ಹಣ್ಣು ಮಾಡುವ ನಮಗೆ ಇದು ಅರ್ಥವಾಗದ ವಿದ್ಯೆಯಲ್ಲ.

ಹಕ್ಕಿಯ ಕಥೆ ಇನ್ನೂ ಕಷ್ಟದ್ದು. ಕೋಳಿ, ಮೊಲ, ಹೆಬ್ಬಾತು, ಟರ್ಕಿ ಕೋಳಿ ಇವು ರೇಷನ್ನಿನಲ್ಲಿ ಇರಲಿಲ್ಲ. ಹಾಗಾದರೆ ಸಲೀಸು ಅನ್ನಿಸಬಹುದು. ಆದರೆ ರೇಷನ್ನಿನಲ್ಲಿ ಇಲ್ಲದ್ದಕ್ಕೆ ಗ್ಯಾರಂಟಿಯೂ ಇಲ್ಲ. ಸಿಕ್ಕವರಿಗೆ ಸಿಕ್ಕಿತು. ಹಿತ್ತಲಲ್ಲಿ ಕೋಳಿ, ಮೊಲ ಸಾಕಿಕೊಂಡವರು ಬಚಾವ್. ಕೋಳಿ ಸಾಕುವವರು ತಮ್ಮ ಮೊಟ್ಟೆಯ ರೇಷನ್ ಬಿಟ್ಟುಕೊಟ್ಟರೆ ಕೋಳಿಯ ಕಾಳು ಸಿಗುತ್ತಿತ್ತು. ಬೀದಿಯವರೆಲ್ಲ ಸೇರಿ ಮುಸುರೆ ಹಾಕಿ ಹಂದಿ ಸಾಕುವ ಸಂಘಗಳೂ ಹುಟ್ಟಿದವು. ಇದ್ಯಾವುದೂ ಇಲ್ಲದ ಮನೆಯಲ್ಲಿ ವಾರದ ಮಾಂಸದ ಪಾಲನ್ನೆಲ್ಲ ಒಟ್ಟುಗೂಡಿಸಿ ಒಂದು ತುಂಡು ತರುತ್ತಿದ್ದರು. ಅದೂ ಆಗದವರಿಗೆ ಹುಸಿ ಹೆಬ್ಬಾತು.

ಈ ಹುಸಿ ಹೆಬ್ಬಾತಿನ ವಿಧಾನವನ್ನು ಆಹಾರ ಇಲಾಖೆಯೇ ಪ್ರಚಾರ ಮಾಡಿತ್ತು. ಮುಕ್ಕಾಲು ಕೇಜಿ ಆಲೂಗೆಡ್ಡೆ, ಎರಡು ಹುಳಿ ಸೇಬು, 115 ಗ್ರಾಂ ಚೀಸ್, ಸೇಜ್ ಅನ್ನುವ ಘಮದ ಸೊಪ್ಪಿನ ಪುಡಿ ಅರ್ಧ ಚಮಚೆ, ಉಪ್ಪು, ಮೆಣಸು. ಆಲೂಗೆಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಒಂದು ಪದರ ಅದು, ಒಂದು ಪದರ ಸೇಬು, ಮೇಲೆ ಚೀಸ್ ಅಂತ ಜೋಡಿಸಿ, ತರಕಾರಿ ಬೇಯಿಸಿದ ನೀರು ಹುಯ್ದು ಮುಕ್ಕಾಲು ಗಂಟೆ ಓವನ್ನಿನಲ್ಲಿಡುವುದು. ಕೊನೆಗೆ ಸ್ವಲ್ಪ ಹಿಟ್ಟು ಕದಡಿ ಹಾಕಿ ಗಟ್ಟಿ ಮಾಡುವುದು. ಹೆಬ್ಬಾತಿನ ಒಂದು ಗರಿಯೂ ಅದರಲ್ಲಿಲ್ಲ. ಹೆಬ್ಬಾತಿನ ಹೊಟ್ಟೆಗೆ ತುಂಬುತ್ತಿದ್ದ ಸೇಬು, ಸೇಜ್‌ಗಳ ವಾಸನೆ ಮಾತ್ರ ಇದೆ. ಬರೀ ವಾಸನೆಯಿಂದ ಹಬ್ಬ ಆಯಿತೇ ಅಂತ ನಾನೂ ಮೊದಲು ನಕ್ಕಿದ್ದೆ. ಆಮೇಲೆ ಯೋಚಿಸಿದೆ, ತುಪ್ಪ ಸಿಗದ ವರ್ಷ ಒಬ್ಬಟ್ಟಿಗೆ ಎಣ್ಣೆ ಸವರಿದ್ದು ನಮ್ಮ ಮನೆಯಲ್ಲೂ ಉಂಟು.

ಪಕ್ಕಕ್ಕೆ ಬಡಿಸಲು ಆಲೂಗೆಡ್ಡೆ, ಕ್ಯಾರೆಟ್, ಗೋಲಿ ಗಾತ್ರದ ಪುಟ್ಟ ಕೋಸು ಸಾಕಷ್ಟಿತ್ತು. ಅವು ಹಿತ್ತಲಿನವೇ. ಹೂವಿನ ಮಡಿ, ಆಟದ ಮೈದಾನ ಎಲ್ಲ ಅಗೆದು ತರಕಾರಿ ಬೆಳೆಯಿರಿ ಅಂತ ಸರ್ಕಾರ 1939ರಿಂದಲೇ ಬೆನ್ನು ಹತ್ತಿತ್ತು. ಕೇಕಿನ ಮೇಲೆ ಸಕ್ಕರೆಯ ಅಲಂಕಾರ ಮಾಡಿ ಮಾರುವುದಕ್ಕೆ 1940ರಲ್ಲೇ ನಿಷೇಧ ಬಿತ್ತು. ಬಾದಾಮಿ ಲೇಪದ ಬದಲು ಸೋಯಾ ಹಿಟ್ಟಿಗೆ ಬಾದಾಮಿ ಎಸೆನ್ಸ್ ಹಾಕಿದರು.

ಆಗಿನ ಆಹಾರ ಮಂತ್ರಿ ಲಾರ್ಡ್ ವುಲ್ಟನ್. ದೊಡ್ಡ ಅಂಗಡಿ ನಡೆಸಿದ್ದ ವ್ಯಾಪಾರಿ, 1940ರ ಏಪ್ರಿಲ್‌ನಲ್ಲಿ ಮಂತ್ರಿಯಾದವರು. ಗ್ರಾಹಕರ ಮುಂದೆ ಹೇಗೆ ಮಾತಾಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಎಂಟೂಕಾಲಕ್ಕೆ ಬಿಬಿಸಿ ರೇಡಿಯೋದಲ್ಲಿ ಐದು ನಿಮಿಷ ಅಡುಗೆಯ ಮಾತು, ಪತ್ರಿಕೆಗಳಲ್ಲಿ ಅಡುಗೆ ವಿಧಾನ. 1940ರ ಕ್ರಿಸ್‌ಮಸ್ ಹಿಂದಿನ ವಾರ ಚಹಾದ ರೇಷನ್ ದುಪ್ಪಟ್ಟು ಮಾಡಿ, ಸಕ್ಕರೆಯನ್ನು 340 ಗ್ರಾಮಿಗೆ ಏರಿಸಿದರು. ಆ ವಾರವೇ ಮ್ಯಾಂಚೆಸ್ಟರ್ ಮೇಲೆ ಬಾಂಬಿನ ಮಳೆ. ಲಂಡನ್ನಿನ ಸಾವಿರಾರು ಜನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಹಬ್ಬದ ರಾತ್ರಿ ಮಲಗಿದರು. ಶತ್ರು ಇಳಿದರೆ ಮಾತ್ರ ಬಾರಿಸಬೇಕು ಅಂತ ಚರ್ಚಿನ ಗಂಟೆಗಳನ್ನೂ ನಿಲ್ಲಿಸಿಬಿಟ್ಟಿದ್ದರು. ಮತ್ತೆ ಕ್ರಿಸ್‌ಮಸ್ಸಿಗೆ ಗಂಟೆ ಬಾರಿಸಿದ್ದು 1942ರಲ್ಲೇ.

ನೆಂಟರು ಬರುವುದಾದರೆ ಕೈಬೀಸಿಕೊಂಡು ಬರುವ ಹಾಗಿರಲಿಲ್ಲ. ತಮ್ಮ ಪಾಲಿನ ಚಹಾಪುಡಿ, ಬೆಣ್ಣೆ, ಸಕ್ಕರೆಯನ್ನು ಸಣ್ಣ ಪೊಟ್ಟಣ ಕಟ್ಟಿ ತರಬೇಕು. ಅದರಲ್ಲಿ ಅವಮಾನವೇನೂ ಇರಲಿಲ್ಲ. ತಾರದೆ ಬಂದರೇ ಅವಮಾನ. 1942ರಿಂದ ಊರೂರಿನಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರನ್ನು ಹಬ್ಬಕ್ಕೆ ಕರೆಯುವ ಪದ್ಧತಿ ಬಂತು. ಕರೆದವರ ಮನೆಗೆ ಹೊರೆಯಾಗಬಾರದೆಂದು ಸೈನ್ಯವೇ ಆ ಹುಡುಗರ ಕೈಯಲ್ಲಿ ಆಹಾರದ ಗಂಟು ಕೊಟ್ಟು ಕಳಿಸುತ್ತಿತ್ತು. ಮಧ್ಯಾಹ್ನ ಮೂರಕ್ಕೆ ರೇಡಿಯೋದಲ್ಲಿ ರಾಜನ ಮಾತು. ಅಷ್ಟರೊಳಗೆ ಊಟ ಮುಗಿಯಬೇಕು.

ಎಲ್ಲರಿಗೂ ಒಂದೇ ಅಳತೆ ಅಂದೆ. ಅದು ಪೂರ್ತಿ ನಿಜವಲ್ಲ. ಹೋಟೆಲಿನಲ್ಲಿ ಉಣ್ಣಲು ಬುಕ್ಕು ಬೇಡವಾಗಿತ್ತು, ದುಡ್ಡಿದ್ದವರು ಅಲ್ಲಿಗೆ ಹೋದರು. ಜನ ಗೊಣಗಿದ ಮೇಲೆ 1942ರಲ್ಲಿ ಹೋಟೆಲ್ ಊಟಕ್ಕೂ 5 ಶಿಲಿಂಗ್ ಮಿತಿ ಹಾಕಿದರು. ಕಳ್ಳಸಂತೆಯೂ ಇತ್ತು. ಇಷ್ಟಾದರೂ ಬಡವರ ಮನೆಯ ಮಕ್ಕಳಿಗೆ ಮೊದಲಿಗಿಂತ ಹಾಲು ಹೆಚ್ಚು ಸಿಕ್ಕಿತು. ಯುದ್ಧ ಮುಗಿಯುವ ಹೊತ್ತಿಗೆ ಶಿಶುಮರಣ ಯುದ್ಧಕ್ಕೆ ಮುಂಚಿನದಕ್ಕಿಂತ ಕಡಿಮೆಯಾಗಿತ್ತು.

ಇಲ್ಲಿಗೇ ಮುಗಿಸಿದ್ದರೆ ಇದು ಒಳ್ಳೆಯ ಕಥೆ. ಆದರೆ ಆ ಮೇಜಿನ ಮೇಲಿದ್ದ ಚಹಾ ಎಲ್ಲಿಯದು? ಬಹುಪಾಲು ಭಾರತದ ಮತ್ತು ಸಿಲೋನಿನ ತೋಟಗಳದ್ದು. ಅದೇ ಸರ್ಕಾರದ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ 1943ರಲ್ಲಿ ಏನಾಯಿತು?

1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಗಬಾರದೆಂದು ಕರಾವಳಿಯ ಭತ್ತವನ್ನೂ ದೋಣಿಗಳನ್ನೂ ಸರ್ಕಾರವೇ ವಶಮಾಡಿಕೊಂಡಿತು. ದೋಣಿಯಿಲ್ಲದೆ ಮೀನುಗಾರ ಏನು ಮಾಡಬೇಕು? ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಅಕ್ಕಿಯ ಬೆಲೆ ಕೂಲಿಯವರ ಕೈಗೆ ಎಟುಕದಷ್ಟು ಏರಿತು. ಇಲ್ಲಿಂದ ಧಾನ್ಯಕ್ಕೆ ಹಡಗು ಕೇಳಿದರೆ, ಚರ್ಚಿಲ್ಲರ ಸಂಪುಟ ಕೇಳಿದಷ್ಟು ಕೊಡಲಿಲ್ಲ. ಬರಗಾಲ ಅಂತ ಅಧಿಕೃತವಾಗಿ ಘೋಷಿಸಲೂ ಇಲ್ಲ. ಸರ್ಕಾರದ ವಿಚಾರಣಾ ಆಯೋಗವೇ 15 ಲಕ್ಷ ಜನ ಸತ್ತರೆಂದು ಅಂದಾಜಿಸಿತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಲೆಕ್ಕದಲ್ಲಿ ಅದು ಸುಮಾರು 30 ಲಕ್ಷ.

ನಮ್ಮ ಕಸುಬಿನವರು ನೆನಪಿಡಬೇಕಾದ ಒಂದು ಹೆಸರಿದೆ, ಇಯಾನ್ ಸ್ಟೀಫನ್ಸ್. ಕಲ್ಕತ್ತದ 'ದಿ ಸ್ಟೇಟ್ಸ್‌ಮನ್' ಪತ್ರಿಕೆಯ ಇಂಗ್ಲಿಷ್ ಸಂಪಾದಕ. ಬರಗಾಲದ ಬಗ್ಗೆ ಬರೆಯಲು ಸೆನ್ಸಾರ್ ಅಡ್ಡಿಯಿತ್ತು. ಅವರು 1943ರ ಆಗಸ್ಟ್ 22ರಂದು ಬೀದಿಯಲ್ಲಿ ಬಿದ್ದಿದ್ದ ಹಸಿದವರ ಫೋಟೋಗಳನ್ನು ಅಚ್ಚು ಹಾಕಿಬಿಟ್ಟರು. ಆಮೇಲೆ ದೆಹಲಿ, ಲಂಡನ್ ಯಾರೂ ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ. ಗಂಜಿಕೇಂದ್ರಗಳು ಹೆಚ್ಚಿದವು, ಸೈನ್ಯ ಅಕ್ಕಿ ಸಾಗಿಸಿತು. ಆದರೂ ಹಸಿದು ಬಳಲಿದ ಮೈಗೆ ಮಲೇರಿಯ ಬಡಿದು, ಸಾವು ಎಲ್ಲಕ್ಕಿಂತ ಹೆಚ್ಚಾದದ್ದು ಆ ವರ್ಷದ ಡಿಸೆಂಬರಿನಲ್ಲಿ. ಕ್ರಿಸ್‌ಮಸ್ ತಿಂಗಳಲ್ಲೇ.

ಕ್ಯಾರೆಟ್ ತುರಿದು ಪುಡಿಂಗ್ ಮಾಡಿದ ಆ ತಾಯಿಯ ತಪ್ಪು ಇದರಲ್ಲಿ ಏನೂ ಇಲ್ಲ. ಅವಳೂ ತನ್ನ ಗಂಡನ ಕಾಗದಕ್ಕೆ ಕಾಯುತ್ತಿದ್ದವಳೇ. ನನ್ನ ತಕರಾರು ಮಂತ್ರಿಗಳ ಜೊತೆ. ತಲೆಗೆ 57 ಗ್ರಾಂ ಚಹಾವನ್ನು ಹಂಚುವಷ್ಟು ಲೆಕ್ಕ ಗೊತ್ತಿದ್ದ ಸರ್ಕಾರ, ಬಂಗಾಳದ ಹಳ್ಳಿಯ ಕೂಲಿಯವನ ಹೆಸರಲ್ಲಿ ಒಂದು ಬುಕ್ಕು ಬರೆಯಲಿಲ್ಲ. ಮುಂಬೈಗೆ 1943ರ ಮೇನಲ್ಲಿ ರೇಷನ್ ಬಂತು. ಕಲ್ಕತ್ತಕ್ಕೆ 1944ರ ಆರಂಭದಲ್ಲಿ, ಸಾಯುವವರು ಸತ್ತ ಮೇಲೆ.

ಬ್ರಿಟನ್ನಿನಲ್ಲಿ ಯುದ್ಧ ಮುಗಿದ ಕೂಡಲೇ ಬುಕ್ಕು ಹೋಗಲಿಲ್ಲ. ಯುದ್ಧದಲ್ಲಿ ಮುಟ್ಟದ ಬ್ರೆಡ್ಡನ್ನೂ 1946ರಿಂದ ಎರಡು ವರ್ಷ ರೇಷನ್ನಿಗೆ ಹಾಕಿದರು. ಮಾಂಸದ ರೇಷನ್ ತೆಗೆದದ್ದು 1954ರ ಜುಲೈ 4ರಂದು. ಆ ವರ್ಷದ ಡಿಸೆಂಬರಿನಲ್ಲಿ ಹೆಂಗಸರು ಬುಕ್ಕಿಲ್ಲದೆ ಮಾಂಸದ ಅಂಗಡಿಗೆ ಹೋದರು, 15 ವರ್ಷದಲ್ಲಿ ಮೊದಲ ಸಲ.

ಆ ಯಜಮಾನರು ಈ ತಿಂಗಳೂ ಸಾಲಿನಲ್ಲಿ ಸಿಕ್ಕಿದ್ದರು. ರಾಜನಿಗೂ ರೇಷನ್ ಬುಕ್ಕು ಇದ್ದದ್ದನ್ನು ಹೇಳಿದೆ. "ಅವ್ನಿಗೂ ಬೆರಳು ಒತ್ತಿಸ್ತಿದ್ರಾ?" ಅಂತ ಕೇಳಿದರು.